ಮಳೆಗಾಲದ ರಜೆಗೆ ವೀಡಿಯೋ ಪಾಠ: ಲೈವ್ ಮಾಡೋಣವಾ, ರೆಕಾರ್ಡ್ ಮಾಡಿ ಕೊಡೋಣವಾ?

ಹೊಸನಗರ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ನಮ್ಮ ಕಡೆ ಶಾಲೆ ಹೇಗೆ ನಡೆಯುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ರಾತ್ರಿಯಿಡೀ ಮಳೆ ಹೊಡೆದರೆ ಬೆಳಿಗ್ಗೆ ರಜೆ. ರಜೆ ಕೊಡದಿದ್ದರೂ ಹಳ್ಳ ತುಂಬಿದ ದಿನ ಆಚೆ ದಡದ ಮಕ್ಕಳು ಬರುವ ಹಾಗಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಎಷ್ಟೋ ಪಾಠ ತಪ್ಪುತ್ತದೆ. ಆಮೇಲೆ ಭಾನುವಾರ ಕೂರಿಸಿಕೊಂಡು ಓಡಿಸುತ್ತೇವೆ. ಹಾಗೆ ಓಡಿಸಿದ್ದು ತಲೆಗೆ ಹತ್ತುವುದಿಲ್ಲ.

ಈ ವರ್ಷ ರಜೆ ದಿನ ಆನ್‌ಲೈನ್ ಪಾಠ ಮಾಡಬೇಕು ಅಂತ ಮಾತಾಗಿದೆ. ಜಾಸ್ತಿ ಜನ ಲೈವ್ ಕ್ಲಾಸ್ ಅನ್ನುತ್ತಿದ್ದಾರೆ. ನಮ್ಮ ಊರಿಗೆ ಅದು ಒಗ್ಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಲೆಕ್ಕ ನೋಡಿ. ವೀಡಿಯೋ ಮೀಟಿಂಗ್ ಸೆಕೆಂಡಿಗೆ 1 ಮೆಗಾಬಿಟ್ ಎಳೆದರೆ ಗಂಟೆಗೆ 450 ಎಂಬಿ ಆಯಿತು. ನಾಲ್ಕು ಗಂಟೆ ಪಾಠಕ್ಕೆ 1.8 ಜಿಬಿ. ನಮ್ಮ ಮಕ್ಕಳ ಮನೆಯಲ್ಲಿರುವುದು ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ಅದೂ ಅಪ್ಪನ ಫೋನಿನಲ್ಲಿ. ಅಪ್ಪ ತೋಟದಲ್ಲಿ.

ಅದೇ ಪಾಠವನ್ನು ಒಂದಷ್ಟು ಚಿತ್ರ, ಜೊತೆಗೆ ನನ್ನ ಧ್ವನಿ ಅಂತ ರೆಕಾರ್ಡ್ ಮಾಡಿದರೆ ಸೆಕೆಂಡಿಗೆ 100 ಕಿಲೋಬಿಟ್ ಸಾಕಾಗುತ್ತದೆ. ಎಂಟು ನಿಮಿಷದ ಪಾಠ 6 ಎಂಬಿ. ರಾತ್ರಿ ಯಾವಾಗಲಾದರೂ ಸಿಗ್ನಲ್ ಸಿಕ್ಕಾಗ ಇಳಿಸಿಕೊಳ್ಳಬಹುದು. ಸಿಗದಿದ್ದರೆ ಪಕ್ಕದ ಮನೆ ಹುಡುಗನ ಫೋನಿನಿಂದ ನೆಟ್ ಇಲ್ಲದೆಯೇ ಹಾಕಿಸಿಕೊಳ್ಳಬಹುದು.

ಎಲ್ಲಕ್ಕೂ ವೀಡಿಯೋ ಬೇಕಾಗಿಲ್ಲ ಅಂತಲೂ ನನಗನ್ನಿಸುತ್ತದೆ. ಯಾವ ಭಾಗವನ್ನು ಕಣ್ಣಾರೆ ನೋಡದೆ ಮಗುವಿಗೆ ಅರ್ಥವೇ ಆಗುವುದಿಲ್ಲವೋ ಅಷ್ಟಕ್ಕೆ ಮಾತ್ರ ವೀಡಿಯೋ. ಉಳಿದದ್ದಕ್ಕೆ ಧ್ವನಿ, ಚಿತ್ರ, ಪುಸ್ತಕದ ಪುಟ ಸಾಕು. ಮಾಡಿ ನೋಡಿದವರು, ಮಕ್ಕಳನ್ನು ಕೂರಿಸಿ ಕಷ್ಟಪಟ್ಟವರು, ದಯವಿಟ್ಟು ಬರೆಯಿರಿ.

ಶಿವಮೊಗ್ಗ ಲೆಕ್ಚರರ್

ಮೇಷ್ಟ್ರೇ, ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಕೊರೊನಾ ಕಾಲದಲ್ಲಿ ಎರಡೂ ನೋಡಿದ್ದೇನೆ. ರೆಕಾರ್ಡ್ ಮಾಡಿ ಕಳಿಸಿದರೆ "ಆಮೇಲೆ ನೋಡುತ್ತೇನೆ ಮೇಡಂ" ಅನ್ನುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ಲೈವ್ ಅಂದರೆ ಹತ್ತು ಗಂಟೆಗೆ ಕೂರಲೇಬೇಕು. ಹೆಸರು ಕರೆದು ಪ್ರಶ್ನೆ ಕೇಳುತ್ತೇವೆ ಅನ್ನುವ ಹೆದರಿಕೆ ಇರುತ್ತದೆ. ಹದಿನೈದು, ಹದಿನಾರು ವರ್ಷದ ಮಕ್ಕಳಿಗೆ ಆ ಕಟ್ಟು ಬೇಕು. ಶಿವಮೊಗ್ಗ ಪೇಟೆಯಲ್ಲಿ ಈಗ ಎಷ್ಟೋ ಮನೆಗೆ ಫೈಬರ್ ಬಂದಿದೆ. ನೆಟ್‌ವರ್ಕ್ ನೆಪ ಮಾಡಿಕೊಂಡು ಮಕ್ಕಳನ್ನು ಅವರ ಪಾಡಿಗೆ ಬಿಡಬಾರದು ಅಂತ ನನ್ನ ಕಳಕಳಿ.

ತೀರ್ಥಹಳ್ಳಿ ಅಮ್ಮ

ಮೇಡಂ, ಪೇಟೆಯ ಮಾತು ಬೇರೆ. ನಮ್ಮದು ಆಗುಂಬೆ ರಸ್ತೆಯಿಂದ ಒಳಗೆ. ಮನೆಯಲ್ಲಿ ಎರಡು ಮಕ್ಕಳು, ಒಂದು ಫೋನ್. ಸಿಗ್ನಲ್ ಬೇಕಾದರೆ ಹಿತ್ತಲ ಗುಡ್ಡ ಹತ್ತಬೇಕು. ಲಾಕ್‌ಡೌನ್‌ನಲ್ಲಿ ಮಗಳು ದಿನಾ ಹತ್ತಿದ್ದಾಳೆ. ಕಾಲಿಗೆ ಉಂಬಳ, ಮೇಲಿಂದ ಜಿರಾಪತಿ ಮಳೆ. ಹೆಣ್ಣು ಹುಡುಗಿಯನ್ನು ಒಬ್ಬಳೇ ಗುಡ್ಡಕ್ಕೆ ಕಳಿಸಲು ಧೈರ್ಯ ಬಾರದೆ ನಾನೂ ಕೆಲಸ ಬಿಟ್ಟು ಜೊತೆಗೆ ಕೂರುತ್ತಿದ್ದೆ. 2021ರಲ್ಲಿ ಸುಳ್ಯ ಕಡೆ ಮಗಳು ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದಾಗ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲರೂ ನೋಡಿದ್ದೀರಿ. ಅದನ್ನು ನೋಡಿ ನಾಡೆಲ್ಲ ಮರುಗಿತು. ನಮಗೆ ಅದು ನಮ್ಮ ಮನೆಯದ್ದೇ ಫೋಟೋ ಅನ್ನಿಸಿತು.

ಕೂತರೂ ಆಗುತ್ತಿದ್ದುದೇನು? ಟೀಚರ್ ಮುಖ ಅರ್ಧಕ್ಕೆ ನಿಲ್ಲುತ್ತದೆ. ಚಕ್ರ ಸುತ್ತುತ್ತದೆ. ಮತ್ತೆ ಬಂದಾಗ ಅವರು ಮುಂದಿನ ಲೆಕ್ಕದಲ್ಲಿರುತ್ತಾರೆ. ಮಗಳು ಅಳುತ್ತಿದ್ದಳು. ಮೇಷ್ಟ್ರೇ, ಫೈಲ್ ಕೊಡಿ. ನೋಡಿಸುವ ಜವಾಬ್ದಾರಿ ನಮಗಿರಲಿ.

ಸಾಗರ ಮನೆಯಿಂದ ಕೆಲಸ

ಬೆಂಗಳೂರಿನ ಕಂಪನಿಗೆ ಸಾಗರದಿಂದ ಕೆಲಸ ಮಾಡುತ್ತೇನೆ. ವೀಡಿಯೋ ಸ್ಟ್ರೀಮಿಂಗೇ ನನ್ನ ಕಸುಬು. ಅಕ್ಕ ಹೇಳಿದ ಚಕ್ರ ಯಾಕೆ ಸುತ್ತುತ್ತದೆ, ಅದೇ ಜಾಗದಲ್ಲಿ ಯೂಟ್ಯೂಬ್ ಹೇಗೋ ಓಡುತ್ತದೆ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದ್ದ ಆದರೆ ಕ್ಷಮಿಸಿ.

ರೆಕಾರ್ಡ್ ಆದ ವೀಡಿಯೋ ಸ್ಟ್ರೀಮ್ ಆಗುವಾಗ ಒಂದೇ ಫೈಲಾಗಿ ಬರುವುದಿಲ್ಲ. ಅದನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿರುತ್ತಾರೆ. ಪ್ರತಿ ತುಂಡೂ 240ಪಿ, 360ಪಿ, 720ಪಿ ಹೀಗೆ ಹಲವು ದರ್ಜೆಯಲ್ಲಿ ಸರ್ವರಿನಲ್ಲಿ ಸಿದ್ಧವಿರುತ್ತದೆ. ಹಿಂದಿನ ತುಂಡು ಎಷ್ಟು ಬೇಗ ಬಂತು ಅಂತ ಫೋನ್ ಅಳೆಯುತ್ತದೆ. ನಿಧಾನ ಅನ್ನಿಸಿದರೆ ಮುಂದಿನದ್ದನ್ನು ಕಡಿಮೆ ದರ್ಜೆಯಲ್ಲಿ ಕೇಳುತ್ತದೆ. ಮುಂದಿನ ಒಂದಷ್ಟು ಹೊತ್ತಿಗೆ ಬೇಕಾದ ತುಂಡುಗಳನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ. ಅದಕ್ಕೇ ಸಿಗ್ನಲ್ ಏರಿಳಿದರೂ ಚಿತ್ರ ಮಸುಕಾಗಬಹುದು, ಪಾಠ ನಿಲ್ಲುವುದು ಕಡಿಮೆ. ಹೀಗೆ ತುಂಡು ಮಾಡಿ ಕಳಿಸುವ ವಿಧಾನಗಳಲ್ಲಿ ಆ್ಯಪಲ್‌ನವರ ಎಚ್‌ಎಲ್‌ಎಸ್ 2009ರಲ್ಲಿ ಬಂತು. ಡ್ಯಾಶ್ ಅನ್ನುವ ಅಂತರರಾಷ್ಟ್ರೀಯ ಮಾನಕ 2012ರಲ್ಲಿ. ಎರಡರ ಕೆಲಸವೂ ಇದೇ.

ಲೈವ್ ಮೀಟಿಂಗ್‌ನಲ್ಲಿ ಹೀಗೆ ಮೊದಲೇ ತುಂಬಿಟ್ಟುಕೊಳ್ಳುವ ಅನುಕೂಲ ಇಲ್ಲ. ಅಲ್ಲಿ ಮಾತಿಗೆ ಮಾತು ಕೂಡಲೇ ಬರಬೇಕು. ಧ್ವನಿ ಆ ಕಡೆ ತಲುಪಲು 150 ಮಿಲಿಸೆಕೆಂಡಿನ ಒಳಗಿದ್ದರೆ ಚೆನ್ನ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಅಷ್ಟರಲ್ಲಿ ತುಂಬಿಟ್ಟುಕೊಳ್ಳಲು ಸಮಯ ಎಲ್ಲಿದೆ? ದಾರಿಯಲ್ಲಿ ಕಳೆದು ಹೋದದ್ದನ್ನು ಮತ್ತೆ ತರಿಸಲೂ ಪುರುಸೊತ್ತಿಲ್ಲ. ಹೋದದ್ದು ಹೋಯಿತು.

ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೈವ್‌ನಲ್ಲಿ ಪಾಠ ಮಾಡುವವರ ಅಪ್‌ಲೋಡ್ ಕೆಟ್ಟರೆ ಇಡೀ ತರಗತಿಗೆ ಪಾಠ ಕೆಡುತ್ತದೆ. ಶಿವಮೊಗ್ಗದ ಮಗುವಿನ ಮನೆಯಲ್ಲಿ ಫೈಬರ್ ಇದ್ದರೂ ಹೊಸನಗರದ ಮೇಷ್ಟ್ರ ಮನೆಯ ಸಿಗ್ನಲ್ ಒಂದು ಕಡ್ಡಿ ಇದ್ದರೆ ಏನು ಪ್ರಯೋಜನ?

ನಮ್ಮ ಗುಡ್ಡಗಾಡಿಗೆ ಇದೆಲ್ಲ ಜಾಸ್ತಿ ತಾಗುತ್ತದೆ. ಟವರ್ ಮತ್ತು ಮನೆ ನಡುವೆ ಗುಡ್ಡ ಬಂದರೆ ಅಲೆ ತಡೆಯುತ್ತದೆ. ಒದ್ದೆ ಎಲೆಗಳೂ ಅಲೆಯನ್ನು ಹೀರುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಎರಡು ಕಡ್ಡಿ ಇದ್ದ ಮನೆಗೆ ಮಳೆಗಾಲದಲ್ಲಿ ಒಂದೂ ಇರದಿರಬಹುದು. ಮರ ಬಿದ್ದು ಕರೆಂಟ್ ಹೋದರೆ ಟವರ್ ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆಯುತ್ತದೆ. ಆಮೇಲೆ ಡೀಸೆಲ್ ಬರಬೇಕು. ಮಳೆ ರಜೆ ಕೊಡುವ ದಿನವೇ ನೆಟ್‌ವರ್ಕ್ ಕೂಡ ಕೈ ಕೊಡುವ ದಿನ. ಅಂಥ ದಿನಕ್ಕೆ ಲೈವ್ ನಂಬಿಕೊಳ್ಳಬೇಡಿ ಅಂತ ಕಸುಬಿನವನಾಗಿ ಹೇಳುತ್ತೇನೆ.

ತುಮರಿ ಹುಡುಗ

ನೂರಕ್ಕೆ ನೂರು ನಿಜ ಅಣ್ಣ. 2025ರ ಜುಲೈನಲ್ಲಿ ನಮ್ಮ ಶರಾವತಿ ಹಿನ್ನೀರಿಗೆ ಸೇತುವೆ ಬಂತು. ಲಾಂಚ್ ಕಾಯುವುದು ತಪ್ಪಿತು. ನಮ್ಮ ಮನೆಗೆ ಸಿಗ್ನಲ್ ಇನ್ನೂ ಬಂದಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಅಂತ ನಮ್ಮ ಕಡೆ ಹೋರಾಟವನ್ನೇ ಮಾಡಿದ್ದಾರೆ. ನಾನು ಈಗ ಡಿಗ್ರಿ ಓದುತ್ತಿದ್ದೇನೆ. ಪಿಯು ಮುಗಿಸಿದ್ದು ಗೆಳೆಯನೊಬ್ಬ ಸಾಗರದಿಂದ ಮೆಮೊರಿ ಕಾರ್ಡಿನಲ್ಲಿ ತಂದು ಕೊಡುತ್ತಿದ್ದ ವೀಡಿಯೋಗಳಿಂದ. ಅರ್ಥ ಆಗದ ಕಡೆ ನಿಲ್ಲಿಸಿ ಹಿಂದಕ್ಕೆ ಹೋಗಿ ನೋಡುತ್ತಿದ್ದೆ. ಕ್ಲಾಸಿನಲ್ಲಿ "ಸರ್, ಇನ್ನೊಂದ್ಸಲ" ಅನ್ನಲು ನನಗೆ ಯಾವತ್ತೂ ಬಾಯಿ ಬಂದಿರಲಿಲ್ಲ.

ಶಿವಮೊಗ್ಗ ಲೆಕ್ಚರರ್

ತುಮರಿ ಹುಡುಗನ ಕೊನೆ ಮಾತು ನನಗೆ ತಾಗಿತು. ನಿಲ್ಲಿಸಿ ಮತ್ತೆ ನೋಡುವ ಅವಕಾಶ ಲೈವ್‌ನಲ್ಲಿ ಇಲ್ಲ, ಒಪ್ಪಿದೆ. ಆದರೂ ಕೇಳುತ್ತೇನೆ. ನೀನು ಓದುವ ಆಸೆ ಇದ್ದವನು, ನೋಡಿದೆ. ಆಸೆ ಇಲ್ಲದವನನ್ನು ಏನು ಮಾಡೋಣ? ಅವನಿಗೂ ಪಾಠ ತಲುಪಬೇಕಲ್ವಾ?

ಬಿಎಡ್ ಪಾಠ

ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ. ಶಿಕ್ಷಕರ ತರಬೇತಿಯಲ್ಲಿ ಇರುವುದರಿಂದ ಇದರ ಬಗ್ಗೆ ಒಂದಷ್ಟು ಓದಿಕೊಂಡಿದ್ದೇನೆ.

2013ರಲ್ಲಿ ಹಾರ್ವರ್ಡ್‌ನ ಸಂಶೋಧಕರು ವೀಡಿಯೋ ಪಾಠವನ್ನು ನಾಲ್ಕು ತುಂಡು ಮಾಡಿ ತೋರಿಸಿದರು. ಒಂದು ಗುಂಪಿಗೆ ಪ್ರತಿ ತುಂಡಿನ ನಂತರವೂ ಸಣ್ಣ ಪರೀಕ್ಷೆ ಕೊಟ್ಟರು. ಆ ಗುಂಪಿನವರ ಮನಸ್ಸು ಬೇರೆ ಕಡೆ ಹೋಗುವುದು ಸುಮಾರು ಅರ್ಧಕ್ಕೆ ಇಳಿಯಿತು. ಟಿಪ್ಪಣಿ ಜಾಸ್ತಿ ಬರೆದುಕೊಂಡರು, ಕೊನೆಯ ಪರೀಕ್ಷೆಯಲ್ಲೂ ಮುಂದಿದ್ದರು. ಮೇಡಂ ಹೇಳಿದ ಕಟ್ಟು ಹೀಗೂ ಬರುತ್ತದೆ. ಹತ್ತು ಗಂಟೆಗೆ ಕೂರಿಸಲೇಬೇಕು ಅಂತಿಲ್ಲ. ಎಂಟು ನಿಮಿಷದ ಪಾಠದ ಕೊನೆಗೆ ಎರಡು ಪ್ರಶ್ನೆ ಕೇಳಿ. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದು ಶಾಲೆ ತೆರೆದ ದಿನ ತೋರಿಸಬೇಕು ಅನ್ನಿ.

ಪಾಠದ ಉದ್ದದ ಬಗ್ಗೆ 2014ರ ಒಂದು ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ಎಡೆಕ್ಸ್ ಅನ್ನುವ ಆನ್‌ಲೈನ್ ಕಲಿಕೆ ತಾಣದ ಕೋರ್ಸುಗಳಲ್ಲಿ ಜನ ವೀಡಿಯೋ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿದ್ದು ಅದು. ವೀಡಿಯೋ ಎಷ್ಟೇ ಉದ್ದ ಇರಲಿ, ನೋಡುವವರು ಸಾಮಾನ್ಯವಾಗಿ ಆರು ನಿಮಿಷ ದಾಟುತ್ತಿರಲಿಲ್ಲ. ಕೈಯಲ್ಲಿ ಬರೆಯುತ್ತಾ ಹೇಳಿದ ಪಾಠಕ್ಕೆ ಸುಮ್ನೆ ಸ್ಲೈಡ್ ತೋರಿಸಿದ್ದಕ್ಕಿಂತ ಜಾಸ್ತಿ ಹೊತ್ತು ಕೂತರು. ಆದರೆ ಅಲ್ಲಿ ಅಳೆದದ್ದು ಎಷ್ಟು ಹೊತ್ತು ನೋಡಿದರು ಅಂತ. ಎಷ್ಟು ಕಲಿತರು ಅಂತ ಅಲ್ಲ. ನೋಡಿದವರೂ ನಮ್ಮ ಹೈಸ್ಕೂಲು ಮಕ್ಕಳಲ್ಲ. ಹಾಗಾಗಿ ಆರು ನಿಮಿಷ ಅನ್ನುವುದನ್ನು ಕಾನೂನು ಮಾಡಿಕೊಳ್ಳಬೇಡಿ. ಒಂದು ವಿಷಯ ಮುಗಿಯುವ ಕಡೆ ನಿಲ್ಲಿಸಿ, ಸಾಕು.

ಯಾವುದನ್ನು ವೀಡಿಯೋ ಮಾಡಬೇಕು ಅನ್ನುವುದಕ್ಕೆ ರಿಚರ್ಡ್ ಮೇಯರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರ ಕೆಲಸ ನೋಡಬೇಕು. ಚಿತ್ರದ ಜೊತೆ ಮಾತು ಬಂದರೆ ಕಲಿಕೆ ಚೆನ್ನ ಅಂತ ಅವರ ಪ್ರಯೋಗಗಳು ತೋರಿಸಿವೆ. ಅದೇ ಮಾತನ್ನು ಪರದೆ ತುಂಬ ಅಕ್ಷರದಲ್ಲೂ ತುಂಬಿದರೆ ಕಣ್ಣಿಗೆ ಭಾರ. ಚಿತ್ರ ನೋಡಬೇಕಾ, ಓದಬೇಕಾ ಅಂತ ಮಗು ಒದ್ದಾಡುತ್ತದೆ. ನಮ್ಮಲ್ಲಿ ಎಷ್ಟೋ ಪಾಠಗಳು ಇರುವುದೇ ಹೀಗೆ. ಪುಸ್ತಕದ ಪುಟವನ್ನೇ ಸ್ಲೈಡಿಗೆ ಹಾಕಿ ಓದುತ್ತಾರೆ. ಹಿನ್ನೆಲೆಗೆ ವೀಣೆ ಬೇರೆ. ಆ ಸಂಗೀತ ದಯವಿಟ್ಟು ತೆಗೆಯಿರಿ. ಮಗುವಿನ ಗಮನವನ್ನು ಅದು ತಿನ್ನುತ್ತದೆ.

ಕೊಪ್ಪ ತೋಟದ ಮನೆ

ನಾನು ಶಿಕ್ಷಕ ಅಲ್ಲ, ಅಡಿಕೆ ಬೆಳೆಗಾರ. ಚಿಕ್ಕವನಿದ್ದಾಗ ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವನು. ನನ್ನ ಮಗ ಶಾಲೆಯಲ್ಲಿ ರೇಡಿಯೋದ 'ಕೇಳಿ ಕಲಿ' ಕೇಳಿದ್ದಾನೆ. ಆಗ ಚಿತ್ರವೇ ಇರಲಿಲ್ಲ, ಮಕ್ಕಳು ಕಿವಿಗೊಟ್ಟು ಕೇಳುತ್ತಿದ್ದರು. ಹಾಗಾಗಿ ಧ್ವನಿ ಸಾಕು ಅನ್ನುವ ಮೇಷ್ಟ್ರ ಮಾತು ನನಗೆ ಹಿಡಿಸಿತು. 2020ರಲ್ಲಿ ಚಂದನದಲ್ಲಿ ಸಂವೇದ ಪಾಠ ಬಂತಲ್ಲ, ಅದು ಒಳ್ಳೆಯ ಕೆಲಸ. ಡೇಟಾ ಬೇಡ, ಡಿಶ್ ಇದ್ದರೆ ಸಾಕು. ಆದರೆ ಆ ಹೊತ್ತಿಗೆ ಕರೆಂಟ್ ಇರಬೇಕಲ್ಲ? ವಿದ್ಯಾಗಮದಲ್ಲಿ ಮೇಷ್ಟ್ರುಗಳು ಊರಿಗೇ ಬಂದು ಜಗಲಿ ಮೇಲೆ, ದೇವಸ್ಥಾನದ ಅಂಗಳದಲ್ಲಿ ಪಾಠ ಮಾಡಿದರು. ಅದರಷ್ಟು ಚೆನ್ನಾಗಿ ಯಾವ ಪರದೆಯೂ ಕಲಿಸಲಿಲ್ಲ ಅಂತ ನನ್ನ ಅನಿಸಿಕೆ.

ಮೇಷ್ಟ್ರಿಗೆ ಒಂದು ಪ್ರಶ್ನೆ. ನೋಡಲೇಬೇಕಾದದ್ದು ಅಂದಿರಲ್ಲ, ಒಂದು ಉದಾಹರಣೆ ಹೇಳಿ.

ಹೊಸನಗರ ಮೇಷ್ಟ್ರು

ಉದಾಹರಣೆ ನಿಮ್ಮ ತೋಟದಲ್ಲೇ ಇದೆ ಸರ್.

ಹತ್ತನೇ ಕ್ಲಾಸಿನ ಮೊದಲ ರಸಾಯನಶಾಸ್ತ್ರ ಪಾಠದಲ್ಲಿ ಸ್ಥಾನಪಲ್ಲಟ ಕ್ರಿಯೆ ಬರುತ್ತದೆ. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದರೆ ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಮೊಳೆ ಮೇಲೆ ಕೂರುತ್ತದೆ. ಮಕ್ಕಳು ಸಮೀಕರಣವನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಅವರ ಅಪ್ಪಂದಿರು ಇದನ್ನು ಪ್ರತಿ ವರ್ಷ ಮಾಡುತ್ತಾರೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಕಲಸುವಾಗ ನೋಡಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸುತ್ತಾರೆ. ಕಲಸಿ ಆದ ಮೇಲೆ ಹಸನಾದ ಚೂರಿ ಅಥವಾ ಕತ್ತಿ ತುದಿಯನ್ನು ಒಂದಿಷ್ಟು ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಗಾದರೆ ತುತ್ತ ಇನ್ನೂ ಹಾಗೇ ಉಳಿದಿದೆ, ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕುತ್ತಾರೆ. ಮತ್ತೆ ಅದ್ದಿ, ಅಲಗು ಬೆಳ್ಳಗೇ ಉಳಿದರೆ ಔಷಧಿ ಸರಿಯಾಯಿತು.

ಆ ಕೆಂಪು ಬಣ್ಣ ಕೂತ ತಾಮ್ರ. ಪುಸ್ತಕದ ಸಮೀಕರಣ ಕತ್ತಿ ಮೇಲೆ ಬಂದಿದೆ. ಇದಕ್ಕೆ ವೀಡಿಯೋ ಬೇಕು. ಹತ್ತಿರದಿಂದ, ಹಗಲು ಬೆಳಕಿನಲ್ಲಿ, ಬಣ್ಣ ಸರಿಯಾಗಿ ಕಾಣುವ ಹಾಗೆ, ಒಂದು ನಿಮಿಷ. ಅದರ ಹಿಂದೆ ಮುಂದೆ ಇರುವ ವಿವರಣೆಗೆ ನನ್ನ ಮುಖ ತೋರಿಸುವ ಅಗತ್ಯ ಇಲ್ಲ. ಸಮೀಕರಣವನ್ನು ಕಾಗದದ ಮೇಲೆ ಬರೆಯುತ್ತಾ ಹೇಳಿದರೆ ಆಯಿತು.

ಕೊಪ್ಪ ತೋಟದ ಮನೆ

ಇಷ್ಟು ವರ್ಷ ಕತ್ತಿ ಅದ್ದಿದ್ದೇನೆ. ಇದು ಮಕ್ಕಳ ಪಾಠದಲ್ಲಿದೆ ಅಂತ ಇವತ್ತು ಗೊತ್ತಾಯಿತು. ಬಹಳ ಸಂತೋಷ.

ಸಾಗರ ಮನೆಯಿಂದ ಕೆಲಸ

ಮೇಷ್ಟ್ರು ಹೇಳಿದ ಹಗಲು ಬೆಳಕಿಗೆ ಇನ್ನೊಂದು ಕಾರಣವೂ ಇದೆ. ಮಬ್ಬು ಬೆಳಕಿನಲ್ಲಿ ತೆಗೆದ ವೀಡಿಯೋದಲ್ಲಿ ಕಾಳು ಕಾಳಾಗಿ ಕಾಣುತ್ತದಲ್ಲ, ಆ ಕಾಳು ಪ್ರತಿ ಫ್ರೇಮಿನಲ್ಲೂ, ಅಂದರೆ ವೀಡಿಯೋದ ಪ್ರತಿ ಬಿಡಿ ಚಿತ್ರದಲ್ಲೂ, ಬದಲಾಗುತ್ತದೆ. ವೀಡಿಯೋ ಕುಗ್ಗಿಸುವ ವಿಧಾನ ನಿಂತಿರುವುದೇ ಹಿಂದಿನ ಫ್ರೇಮಿಗಿಂತ ಏನು ಬದಲಾಯಿತೋ ಅಷ್ಟನ್ನೇ ಕಳಿಸುವುದರ ಮೇಲೆ. ಎಲ್ಲವೂ ಬದಲಾಗುತ್ತಿದ್ದರೆ ಫೈಲ್ ಊದಿಕೊಳ್ಳುತ್ತದೆ. ಹಾಗಾಗಿ ಕಿಟಕಿ ಪಕ್ಕ ಅಥವಾ ಜಗಲಿಯಲ್ಲಿ ತೆಗೆಯಿರಿ. ಫೋನನ್ನು ಕೈಯಲ್ಲಿ ಹಿಡಿಯದೆ ಎಲ್ಲಾದರೂ ಗಟ್ಟಿಯಾಗಿ ನಿಲ್ಲಿಸಿ. ಕೈ ನಡುಗಿದರೂ ಇಡೀ ಚಿತ್ರ ಬದಲಾದ ಹಾಗೇ ಲೆಕ್ಕ.

ಬರೆಯುತ್ತಾ ಹೇಳುವ ಪಾಠಕ್ಕೆ ಸೆಕೆಂಡಿಗೆ 10 ಫ್ರೇಮ್ ಸಾಕು. 480ಪಿ ಇಟ್ಟರೆ ಅಕ್ಷರ ಓದಲು ಬರುತ್ತದೆ. ಧ್ವನಿ ಮೋನೋ, 32 ಕಿಲೋಬಿಟ್. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಇಷ್ಟನ್ನೂ ಒಮ್ಮೆ ಹೊಂದಿಸಿಟ್ಟರೆ ಆಯಿತು. ಕೋಡೆಕ್, ಅಂದರೆ ವೀಡಿಯೋ ಕುಗ್ಗಿಸಿ ಬಿಡಿಸುವ ವಿಧಾನ, ಎಚ್.264 ಇರಲಿ. 2018ರಲ್ಲಿ ಬಂದ ಎವಿ1 ಅನ್ನುವ ಕೋಡೆಕ್ ಫೈಲನ್ನು ಇನ್ನೂ ಚಿಕ್ಕದು ಮಾಡುತ್ತದೆ, ನಿಜ. ಆದರೆ ಹಳೆ ಫೋನುಗಳಲ್ಲಿ ಅದನ್ನು ಬಿಡಿಸಲು ಬೇಕಾದ ಚಿಪ್ ಇರುವುದಿಲ್ಲ. ತಡವರಿಸುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕರೆಂಟಿಲ್ಲದ ದಿನ ಬ್ಯಾಟರಿಯೂ ಡೇಟಾದಷ್ಟೇ ಮುಖ್ಯ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ವೀಡಿಯೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ವೀಡಿಯೋ ಅಂತ ಕಳಿಸಿದರೆ ಅದು ತಾನೇ ಇನ್ನೊಮ್ಮೆ ಕುಗ್ಗಿಸುತ್ತದೆ, ಅಕ್ಷರ ಮಸುಕಾಗುತ್ತದೆ.

ತೀರ್ಥಹಳ್ಳಿ ಅಮ್ಮ

ಮಳೆ ಸದ್ದಿನ ಬಗ್ಗೆಯೂ ಒಂದು ಮಾತು. ಲಾಕ್‌ಡೌನ್‌ನಲ್ಲಿ ಬಂದ ಕೆಲವು ವೀಡಿಯೋಗಳಲ್ಲಿ ತಗಡಿನ ಮೇಲೆ ಬೀಳುವ ಮಳೆ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಚಿತ್ರ ಮಸುಕಾದರೆ ಮಕ್ಕಳು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಮಾತು ಕೇಳದಿದ್ದರೆ ಎರಡೇ ನಿಮಿಷಕ್ಕೆ ಫೋನ್ ಕೆಳಗಿಡುತ್ತಾರೆ.

ಮತ್ತೆ, ನಮ್ಮ ಪಕ್ಕದ ಮನೆ ಹುಡುಗನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಧ್ವನಿ ಪಾಠ ಅಂದರೆ ಅವನಿಗೆ ಏನು ಗತಿ?

ಬಿಎಡ್ ಪಾಠ

ಅಮ್ಮ, ಇದನ್ನು ಎತ್ತಿದ್ದಕ್ಕೆ ಧನ್ಯವಾದ. ಅಕ್ಷರ ತುಂಬಬೇಡಿ ಅಂತ ನಾನು ಹೇಳಿದ್ದು ಕಿವಿ ಕೇಳುವ ಮಕ್ಕಳ ಪ್ರಯೋಗ ಇಟ್ಟುಕೊಂಡು. ಆ ಹುಡುಗನಿಗೆ ಅಕ್ಷರವೇ ಪಾಠ. ಅವನಿಗೆ ಕ್ಯಾಪ್ಷನ್, ಅಂದರೆ ಹೇಳಿದ ಮಾತು ಪರದೆ ಮೇಲೆ ಅಕ್ಷರದಲ್ಲಿ, ಬೇಕೇ ಬೇಕು.

ಸಾಗರ ಮನೆಯಿಂದ ಕೆಲಸ

ಕ್ಯಾಪ್ಷನ್ನನ್ನು ಚಿತ್ರದ ಮೇಲೆ ಅಚ್ಚೊತ್ತಬೇಡಿ. ಬೇರೆ ಫೈಲಾಗಿ ಕೊಡಿ. ಬರೀ ಅಕ್ಷರವಾದ್ದರಿಂದ ಕೆಲವೇ ಕೆಬಿ ಇರುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಬೇಕಾದವರು ಹಾಕಿಕೊಳ್ಳಬಹುದು, ಬೇಡದವರು ತೆಗೆಯಬಹುದು. ಮೇಷ್ಟ್ರು ಮೊದಲೇ ಏನು ಹೇಳಬೇಕು ಅಂತ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ರೆಕಾರ್ಡಿಂಗಿಗೆ ಕಾಲರ್ ಮೈಕ್ ತಗೊಳ್ಳಿ. ಬಾಯಿಗೆ ಹತ್ತಿರ ಇದ್ದಷ್ಟೂ ಮಳೆ ಸದ್ದು ಹಿಂದೆ ಸರಿಯುತ್ತದೆ. ಅಟ್ಟ ಇರುವ ಮನೆಯಾದರೆ ಅಟ್ಟದ ಕೆಳಗಿನ ಕೋಣೆ ಒಳ್ಳೆಯದು. ಗೋಡೆಗೆ ಕಂಬಳಿ ನೇತು ಹಾಕಿದರೆ ಧ್ವನಿ ಮಾರ್ದನಿಸುವುದಿಲ್ಲ.

ತುಮರಿ ಹುಡುಗ

ಅಣ್ಣ, ಒಂದೊಂದು ಫೋನಿಗೂ ಕೂತು ಹಾಕಿಕೊಡುವುದು ಕಷ್ಟ. ಇಡೀ ಊರಿಗೆ ಒಟ್ಟಿಗೆ ಕೊಡುವ ದಾರಿ ಇದೆಯಾ?

ಸಾಗರ ಮನೆಯಿಂದ ಕೆಲಸ

ಇದೆ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಇದೆ. ಅದಕ್ಕೆ ಕೋಲಿಬ್ರಿ ಅನ್ನುವ ಉಚಿತ ತಂತ್ರಾಂಶ ಹಾಕಿದರೆ ಅದೇ ಒಂದು ಸಣ್ಣ ಸರ್ವರ್. ಇಂಟರ್‌ನೆಟ್ ಇಲ್ಲದ ಕಡೆಗಾಗಿಯೇ ಮಾಡಿದ್ದು ಅದು. ವೀಡಿಯೋ, ಪಿಡಿಎಫ್, ಅಭ್ಯಾಸದ ಪ್ರಶ್ನೆ ಎಲ್ಲ ಇಡಬಹುದು. ಹತ್ತಿರ ಬಂದವರು ವೈಫೈ ಹಾಕಿಕೊಂಡು ಬ್ರೌಸರಿನಲ್ಲಿ ತೆರೆದರೆ ಸಾಕು, ಡೇಟಾ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಒಳ್ಳೆಯ ಪವರ್ ಬ್ಯಾಂಕಿನಲ್ಲೂ ನಡೆಯುತ್ತದೆ. ಭೌತಶಾಸ್ತ್ರಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನುವ ಪರದೆ ಮೇಲಿನ ಪ್ರಯೋಗಗಳನ್ನೂ ಇಳಿಸಿಡಬಹುದು. ಮಗು ತಾನೇ ಮಸೂರ ಜರುಗಿಸಿ ಬಿಂಬ ಎಲ್ಲಿ ಬೀಳುತ್ತದೆ ನೋಡಬಹುದು. ಇಂಥದ್ದು ನೋಡುವ ವೀಡಿಯೋಗಿಂತ ಮೇಲು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ, ಸರ್ಕಾರದ ದೀಕ್ಷಾ ಪಾಠಗಳನ್ನೂ ಆ್ಯಪಿನಲ್ಲಿ ಮೊದಲೇ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ.

ಪೆಟ್ಟಿಗೆ ಎಲ್ಲಿಡಬೇಕು ಅನ್ನುವುದನ್ನು ಊರಿನವರು ಹೇಳಬೇಕು.

ತೀರ್ಥಹಳ್ಳಿ ಅಮ್ಮ

ಹಾಲಿನ ಡೈರಿಯಲ್ಲಿ ಇಡಿ. ಎಷ್ಟೇ ಮಳೆ ಬರಲಿ, ಬೆಳಿಗ್ಗೆ ಸಂಜೆ ಪ್ರತಿ ಮನೆಯಿಂದ ಒಬ್ಬರು ಬಂದೇ ಬರುತ್ತಾರೆ. ಹಾಲು ಅಳೆಯುವ ಹೊತ್ತಿಗೆ ಪಾಠ ಇಳಿದಿರುತ್ತದೆ.

ಶಿವಮೊಗ್ಗ ಲೆಕ್ಚರರ್

ಇದು ನನಗೆ ತುಂಬಾ ಇಷ್ಟವಾಯಿತು. ಇಷ್ಟೆಲ್ಲ ಕೇಳಿದ ಮೇಲೂ ಒಂದು ಮಾತು ಬಿಡುವುದಿಲ್ಲ. ಮಕ್ಕಳ ಜೊತೆ ಮಾತಾಡುವ ಹೊತ್ತು ಇರಲೇಬೇಕು. ಪಾಠ ಫೈಲಿನಲ್ಲಿ ಹೋಗಲಿ. ಸಂಜೆ ಅರ್ಧ ಗಂಟೆ ಫೋನಿನಲ್ಲಿ ಪ್ರಶ್ನೆಗಳಿಗೆ ಕೂರೋಣ. ಕ್ಯಾಮೆರಾ ಬೇಡ, ಮಾತು ಸಾಕು. ಇಂಟರ್‌ನೆಟ್ ಇಲ್ಲದವರು ಮಾಮೂಲಿ ಕರೆ ಮಾಡಲಿ. ಮೇಷ್ಟ್ರೇ, ವಾರಕ್ಕೆ ಒಂದು ಸಂಜೆ ರಸಾಯನಶಾಸ್ತ್ರದ ಪ್ರಶ್ನೆಗಳಿಗೆ ನಾನು ಕೂರುತ್ತೇನೆ. ನಿಮ್ಮ ಶಾಲೆ ಮಕ್ಕಳನ್ನೂ ಸೇರಿಸಿ.

ಹೊಸನಗರ ಮೇಷ್ಟ್ರು

ಮೇಡಂ, ಖಂಡಿತ. ನಮ್ಮ ಮುಖ್ಯೋಪಾಧ್ಯಾಯರಿಗೆ ಈ ಚರ್ಚೆಯನ್ನು ತೋರಿಸುತ್ತೇನೆ. ರಾಸಾಯನಿಕ ಕ್ರಿಯೆಗಳ ಪಾಠದಿಂದಲೇ ಶುರು ಮಾಡೋಣ. ನಾನು ಮಾತು ಬರೆದು ಇಲ್ಲಿ ಹಾಕುತ್ತೇನೆ. ಬಿಎಡ್ ಪಾಠದವರು ಪ್ರಶ್ನೆ ನೋಡಿಕೊಡಿ. ಕ್ಯಾಪ್ಷನ್ ಫೈಲ್ ಮಾಡುವುದನ್ನು ತುಮರಿ ಹುಡುಗ ಕಲಿಯುತ್ತಾನೆ ಅಂದುಕೊಂಡಿದ್ದೇನೆ.

ತುಮರಿ ಹುಡುಗ

ಕಲಿಯುತ್ತೇನೆ ಸರ್. ಮಾತು ಬರೆದದ್ದು ಕಳಿಸಿ.

ಕೊಪ್ಪ ತೋಟದ ಮನೆ

ಮೇಷ್ಟ್ರೇ, ಮಳೆ ಎರಡು ದಿನ ಹೊಳವು ಕೊಟ್ಟರೆ ನಾವು ಔಷಧಿ ಹೊಡೆಯುತ್ತೇವೆ. ಮರ ಹತ್ತುವ ಕೊನೆಗಾರನಿಗೂ ಹೇಳಿದ್ದೇನೆ. ಫೋನ್, ಮೈಕ್ ತಗೊಂಡು ಬೆಳಿಗ್ಗೆ ಎಂಟಕ್ಕೆ ಮುಂಚೆ ಬನ್ನಿ, ಕಲಸುವುದು ಆ ಹೊತ್ತಿಗೆ. ತಿಂಡಿ ನಮ್ಮ ಮನೆಯಲ್ಲೇ. ಮೊದಲ ಸಲ ಸುಣ್ಣ ಬೇಕೆಂದೇ ಕಡಿಮೆ ಹಾಕಿ ಕತ್ತಿ ಅದ್ದುತ್ತೇನೆ, ಕೆಂಪಗಾಗುವುದು ನಿಮಗೆ ಸರಿಯಾಗಿ ಸಿಗಲಿ.